ಮಂಗಳವಾರ ನಡುಗದ ಕೈ

ಆ ದಿನ ಬೆಳಿಗ್ಗೆ ನೀರು ತಡವಾಗಿ ಬಂತು. ದೆಹಲಿಯ ಮಯೂರ್ ವಿಹಾರದ ನಮ್ಮ ಸೊಸೈಟಿಯ ನಲ್ಲಿ ಚಳಿಗಾಲದಲ್ಲಿ ಮೊದಲು ಬರೀ ಗಾಳಿ ಬಿಟ್ಟು, ಆಮೇಲೆ ತುಕ್ಕಿನ ಬಣ್ಣದ್ದು ಒಂದಿಷ್ಟು ಉಗುಳಿ, ಕೊನೆಗೆ ನೀರು ಕೊಡುತ್ತಿತ್ತು. ಬಕೆಟ್ಟು ತುಂಬುವವರೆಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಒಂದು ಕಣ್ಣು ನಿದ್ದೆ ಮುಗಿಸಿಕೊಳ್ಳುವುದು ನನಗೆ ರೂಢಿಯಾಗಿತ್ತು. ಗಂಡನ ಡಬ್ಬಿಗೆ ಚಪಾತಿ, ಬೀನ್ಸಿನ ಪಲ್ಯ. ಮಗಳಿಗೆ ಉಪ್ಪಿಟ್ಟು, ಅದರಲ್ಲಿನ ಕರಿಬೇವನ್ನೆಲ್ಲ ಅವಳು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು ಏಳುತ್ತಿದ್ದಳು. ಜಡೆ ಹಾಕುವಾಗ ‘ಮಮ್ಮಾ, ಇತನಾ ಟೈಟ್ ಮತ್ ಕರೋ’ ಅಂದಳು, ಇಷ್ಟು ಬಿಗಿ ಬೇಡವಂತೆ. ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಉತ್ತರಿಸುವುದು ಆಗ ನಮ್ಮ ಮನೆಯ ಮಾತಿನ ಪದ್ಧತಿ.

ಸ್ಕೂಲ್ ಬಸ್ಸಿಗೆ ಅವಳನ್ನು ಹತ್ತಿಸಲು ಬಾಗಿಲು ತೆಗೆದಾಗ ಎದುರು ಮನೆಯಾಕೆಯೂ ಹೊರಟಿದ್ದರು. ಪಂಜಾಬಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಒದ್ದೆ ಕೂದಲಿಗೆ ಶಾಲು ಮುಚ್ಚಿಕೊಂಡು, ಕೈಯಲ್ಲಿ ಹಿತ್ತಾಳೆಯ ತಂಬಿಗೆ ಹಿಡಿದು ಹನುಮಾನ್ ಮಂದಿರಕ್ಕೆ ಹೋಗುತ್ತಿದ್ದರು. ಮಂಗಳವಾರ ಅವರ ಮನೆಯಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿರಲಿಲ್ಲ. ಬೇರೆ ರಾತ್ರಿಗಳಲ್ಲಿ ಮೆಟ್ಟಿಲಿನವರೆಗೂ ಕೇಳುವ ಅವರ ಯಜಮಾನರ ಗಂಟಲು ಕೂಡ ಆ ದಿನ ಕೇಳುತ್ತಿರಲಿಲ್ಲ. ಇಡೀ ಮಹಡಿಗೆ ವಾರಕ್ಕೊಮ್ಮೆ ಸಿಗುವ ಆ ನಿಶ್ಶಬ್ದವನ್ನು ನಾನೂ ಮಗಳ ಹೋಂವರ್ಕಿಗೆ ಬಳಸಿಕೊಳ್ಳುತ್ತಿದ್ದೆ.

ಒಳಗೆ ಬಂದಾಗ ಗಂಡ ಬೂಟಿನ ಲೇಸು ಕಟ್ಟುತ್ತಾ, ಇವತ್ತೂ ಅಲ್ಲಿಗೇನಾ ಎಂದರು. ಇವತ್ತು ಅಲ್ಲಿಗಲ್ಲ, ಆಸ್ಪತ್ರೆಗೆ ಎಂದೆ. ಅವರು ಬೇಡ ಎಂದವರಲ್ಲ. ಮೊದಲ ದಿನವೇ ‘ಹೋಗು, ಆದರೆ ಸೊಸೈಟಿಯಲ್ಲಿ ಹೇಳಿಕೊಂಡು ತಿರುಗಬೇಡ’ ಎಂದಷ್ಟೇ ಹೇಳಿದ್ದರು. ನಾನು ಹೇಳಿರಲಿಲ್ಲ. ಕೇಳಿದವರಿಗೆ ಅನುವಾದದ ಕೆಲಸ ಅನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ.

ಆ ಕೆಲಸ ನನಗೆ ಬಂದದ್ದು ನಾನು ಓದಿದ ಕಾನ್ವೆಂಟಿನ ಒಬ್ಬ ಸಿಸ್ಟರ್ ಮೂಲಕ. ನನಗೆ ಕೂಡಿಸಿ ಬರೆಯುವ ಇಂಗ್ಲಿಷ್ ಅಕ್ಷರ ಕಲಿಸಿದ, ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳದೆ ಮುಖ ಸಿಂಡರಿಸಿ ಕುಡಿಯುತ್ತಿದ್ದ ಸಿಸ್ಟರ್. ವಯಸ್ಸಾಗಿ ದೆಹಲಿಗೆ ವರ್ಗವಾಗಿ ಬಂದಿದ್ದರು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಫೋನ್ ಮಾಡಿ, ರೈಲ್ವೆ ಸ್ಟೇಷನ್ನಿನ ಆಚೆಯ ರಸ್ತೆಯ ಕೋಠಾಗಳಲ್ಲಿ, ಆ ವೇಶ್ಯೆಯರ ಮನೆಗಳಲ್ಲಿ, ನಮ್ಮ ಕಡೆಯ ಹೆಂಗಸರು ಬಹಳ ಇದ್ದಾರೆ, ಬೆಳಗಾವಿ ವಿಜಾಪುರದ ಕಡೆಯವರು. ಮನಶ್ಶಾಸ್ತ್ರ ಓದುವ ಒಬ್ಬ ಹುಡುಗಿ ಅವರ ಸ್ವಭಾವದ ಬಗ್ಗೆ, ಕುಡಿತದ ಬಗ್ಗೆ ಅಧ್ಯಯನ ಮಾಡುತ್ತಿದ್ದಾಳೆ. ಕನ್ನಡ ಗೊತ್ತಿರುವ ಹೆಂಗಸೊಬ್ಬಳು ಬೇಕು ಎಂದರು. ಅವರು ಕೇಳಿದ್ದಕ್ಕೆ ಇಲ್ಲವೆನ್ನುವ ಅಭ್ಯಾಸ ನನಗೆ ಶಾಲೆಯಲ್ಲಿಯೇ ಆಗಿರಲಿಲ್ಲ.

ಹಾಗೆ ಆ ಚಳಿಗಾಲದಲ್ಲಿ ವಾರಕ್ಕೆರಡು ಮಧ್ಯಾಹ್ನ ನಾನು ಅಲ್ಲಿಗೆ ಹೋಗುತ್ತಿದ್ದೆ. ಕೆಳಗೆಲ್ಲ ನೀರೆತ್ತುವ ಪಂಪು, ನಲ್ಲಿ, ಪೈಪುಗಳ ಅಂಗಡಿಗಳು. ಎರಡು ಅಂಗಡಿಗಳ ನಡುವಿನ ಕತ್ತಲಲ್ಲಿ ಮೇಲಕ್ಕೆ ಹೋಗುವ ಕಡಿದಾದ ಮೆಟ್ಟಿಲು. ನಾವು ಹತ್ತುವಾಗ ಅಂಗಡಿಯವರು ತಲೆ ಬಗ್ಗಿಸಿ ಬೋಲ್ಟು ನಟ್ಟು ನೋಡುತ್ತಿದ್ದರು. ಅದು ತಿರಸ್ಕಾರವೋ ಮರ್ಯಾದೆಯೋ ನನಗೆ ಕೊನೆಗೂ ತಿಳಿಯಲಿಲ್ಲ. ಮೇಲೆ ವೈದ್ಯಕೀಯ ತಪಾಸಣೆಗೆಂದು ಬಿಟ್ಟುಕೊಟ್ಟ ಒಂದು ಕೋಣೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಸಂಶೋಧನೆಯ ಹುಡುಗಿಗೆ ಸದಾ ನೆಗಡಿ. ಅವಳು ಹಿಂದಿಯಲ್ಲಿ ಒಂದೊಂದೇ ವಾಕ್ಯ ಓದುವಳು, ನಾನು ಕನ್ನಡಕ್ಕೆ ತಿರುಗಿಸುವೆ, ಎದುರಿಗೆ ಕೂತವಳು ಹೌದು ಅಥವಾ ಇಲ್ಲ ಎನ್ನಬೇಕು. ಅಷ್ಟೇ ಏರ್ಪಾಡು.

ಅದು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ‘ನಾನು ಮುಂದಿನದನ್ನು ಯೋಚಿಸದೆ ಕೆಲಸ ಮಾಡುತ್ತೇನೆ’ ಎಂದು ಓದಿದರೆ, ‘ಯೋಚನಿ ಮಾಡಿದ್ರ ಈ ಕೆಲಸ ಆಗ್ತೈತೇನ್ರಿ?’ ಎಂಬ ಉತ್ತರ. ‘ಹೊಸ ಹೊಸ ಜನರ ಪರಿಚಯವಾಗುವುದು ನನಗೆ ಇಷ್ಟ’ ಎಂಬ ವಾಕ್ಯವನ್ನು ನಾನು ಶಾಲೆಯ ವೇದಿಕೆಯಲ್ಲಿ ಓದುವ ಹಾಗೆ ಸ್ಪಷ್ಟವಾಗಿ ಓದಿದಾಗ ಬಾಗಿಲಲ್ಲಿ ನಿಂತಿದ್ದವರೆಲ್ಲ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಹುಡುಗಿ ಏನಾಯಿತು ಎಂದು ಕೇಳಿದಳು. ನಾನು ವಾಕ್ಯವನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಓದಿ ತೋರಿಸಿದೆ. ಅವಳ ಮುಖ ಕೆಂಪಾಯಿತು. ಆದರೂ ಹೌದೋ ಇಲ್ಲವೋ ಎಂದು ಕೇಳಿದಳು, ಪಾಪ, ಕೇಳದೆ ಬಿಡುವ ಹಾಗಿರಲಿಲ್ಲ.

ಆ ನಗುವಿನಲ್ಲಿ ಸೇರದೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದವಳ ಬಗ್ಗೆಯೇ ನಾನೀಗ ಬರೆಯುತ್ತಿರುವುದು. ಬೆಳಗಾವಿ ಕಡೆಯವಳು, ನನ್ನ ಓರಗೆಯವಳು. ನಾನು ‘ನೀವು’ ಎಂದು ಮಾತಾಡಿಸಿದ್ದಕ್ಕೆ ಮೊದಲ ದಿನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ್ದಳು. ನನ್ನನ್ನು ‘ಅಕ್ಕಾರ’ ಎಂದು ಕರೆಯುತ್ತಿದ್ದಳು. ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ಬರುವಾಗ ನಮಗೆ ನೀರು ತರುತ್ತಿದ್ದಳು. ಲೋಟವನ್ನು ಒಗೆದ ಬಟ್ಟೆಯ ಮೇಲೆ ಬೋರಲು ಇಟ್ಟು, ನಾವು ನೋಡುವಂತೆ ತಿರುಗಿಸಿ, ಆಮೇಲೆ ತುಂಬುತ್ತಿದ್ದಳು. ನಮ್ಮ ಶಾಲೆಯ ಪ್ರಗತಿಪತ್ರದಲ್ಲಿ ಗಣಿತ, ವಿಜ್ಞಾನದ ಕೆಳಗೆ ನಡತೆಗೆಂದೇ ಬೇರೆ ಅಂಕಣವಿತ್ತು: ಶುಚಿತ್ವ, ಸಮಯಪಾಲನೆ, ವಿಧೇಯತೆ. ನನಗೆ ಎಂದೂ ಮೂರರಲ್ಲೂ ‘ಅತ್ಯುತ್ತಮ’ ಸಿಗಲಿಲ್ಲ. ಇವಳಿಗೆ ಸಿಗುತ್ತಿತ್ತು.

ಹುಡುಗಿಗೆ ಅದೇ ತಲೆನೋವು. ಕುಡಿಯುವವರು ದುಡುಕಿನವರು, ಹಿಂದೆಮುಂದೆ ನೋಡದವರು ಎಂದು ಅವಳು ಎಣಿಸಿದ್ದಿರಬೇಕು. ಇವಳು ಕುಡಿಯುತ್ತಿದ್ದುದು ನಾವು ಬೆಳಿಗ್ಗೆ ಕಾಫಿ ಕುಡಿದು ಒಲೆಯ ಮುಂದೆ ನಿಲ್ಲುವ ಹಾಗೆ. ಸಂಜೆ ಕನ್ನಡಿಯ ಮುಂದೆ ಕೂರುವ ಮೊದಲು ಒಂದು ಕ್ವಾರ್ಟರ್. ಆಮೇಲೆ ಬಂದವರು ಕೊಡಿಸಿದ್ದು. ಅದನ್ನು ಒಲ್ಲೆ ಅಂದರೆ ಬಂದವನಿಗೂ ಸಿಟ್ಟು, ಕೋಠಾ ನಡೆಸುವವರಿಗೂ ಸಿಟ್ಟು. ಮೋಜಿಗೆ ಕುಡಿದದ್ದು ನೆನಪೇ ಇಲ್ಲವಂತೆ. ಯಾಕೆ ಕುಡಿಯುತ್ತೀರಿ ಎಂದು ಹುಡುಗಿ ಕೇಳಿಸಿದಾಗ ಅವಳು, ‘ನನ್ನ ಬಾಯಾಗ ನಂದ ವಾಸನಿ ಇದ್ರ ಅವರ ವಾಸನಿ ಹತ್ತೂದಿಲ್ರಿ’ ಅಂದಳು. ಇದನ್ನು ಹಿಂದಿಗೆ ತಿರುಗಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಭಾಷೆಯ ಕಷ್ಟದಿಂದಲ್ಲ.

ಮಂಗಳವಾರ, ಶುಕ್ರವಾರ, ಹುಣ್ಣಿಮೆ ಮಾತ್ರ ಅವಳು ಹೆಂಡ ಮುಟ್ಟುತ್ತಿರಲಿಲ್ಲ. ಅವು ದೇವಿಯ ದಿನಗಳು. ಆ ಮನೆಯ ಒಳಕೋಣೆಯ ಗೂಡಿನಲ್ಲಿ ಅವರ ಊರ ಕಡೆಯ ದೇವಿಯ ಹಿತ್ತಾಳೆಯ ಮುಖವಿತ್ತು, ಸುತ್ತಲೂ ಭಂಡಾರ, ಅಂದರೆ ದೇವಿಯ ಅರಿಶಿನ. ಆ ಗೂಡಿನ ದೀಪ ಹಚ್ಚುವುದು ಇವಳ ಕೆಲಸ. ವಹಿಸಿದ್ದು ಆಯಿ. ಆಯಿ ಅಲ್ಲಿನ ಎಲ್ಲರಿಗಿಂತ ಹಿರಿಯಳು. ತನ್ನ ಕಾಲ ಮುಗಿಸಿ ಈಗ ಅಡುಗೆ ಮಾಡಿಕೊಂಡು, ದೇವರ ಗೂಡಿನ ಯಜಮಾನಿಕೆ ಮಾಡಿಕೊಂಡು ಇದ್ದವಳು. ಆ ದಿನಗಳಲ್ಲೂ ಧಂಧೆ ನಿಲ್ಲುತ್ತಿರಲಿಲ್ಲ, ಕುಡಿತ ನಿಲ್ಲುತ್ತಿತ್ತು. ದೀಪ ಹಚ್ಚಿದ ಮೇಲೆ ಉಳಿದ ಹೆಂಗಸರು ಇವಳ ಮುಂದೆ ಹಣೆ ಒಡ್ಡಿ ಭಂಡಾರ ಹಚ್ಚಿಸಿಕೊಂಡು ಹೋಗುತ್ತಿದ್ದರು. ದಿನವಿಡೀ ಇವಳನ್ನು ಏನೇನೋ ಕರೆಯುವವರು ಆ ಹೊತ್ತು ಸೆರಗು ಹೊದೆಯುತ್ತಿದ್ದರು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ.

ಆ ದೀಪ ಹಿಂದಿನ ಹುಣ್ಣಿಮೆಯ ದಿನ ಅವಳ ಕೈಯಿಂದ ಜಾರಿ ಬಿದ್ದಿತ್ತು. ಕೈ ನಡುಗಿತಂತೆ. ಎಣ್ಣೆ ದೇವಿಯ ಸೀರೆಯ ಮೇಲೆಲ್ಲ ಚೆಲ್ಲಿತಂತೆ. ಮುಂದಿನ ಹುಣ್ಣಿಮೆಗೂ ಕೈ ಹೀಗೇ ಇದ್ದರೆ ದೀಪ ಬೇರೆಯವಳಿಗೆ ಎಂದು ಆಯಿ ಎಲ್ಲರ ಎದುರು ಹೇಳಿದ್ದಳು. ಅದಾದ ವಾರ ಇವಳು ನಮ್ಮ ಕೋಣೆಗೆ ಬಂದವಳು ಪ್ರಶ್ನೆಗೆ ಕಾಯದೆ ತಾನೇ ಕೇಳಿದಳು: ‘ಅಕ್ಕಾರ, ಕುಡಿಯೂದು ಬಿಡಸೋ ದವಾಖಾನಿ ಐತಂತಲ್ರಿ. ನನ್ನ ಅಲ್ಲಿ ಮಲಗಸ್ರಿ.’ ಊಟ ಸೇರುತ್ತಿರಲಿಲ್ಲ, ಕಣ್ಣಿನ ಸುತ್ತ ಊದಿಕೊಂಡಿತ್ತು. ಅದರ ಬಗ್ಗೆ ಒಂದು ಮಾತಿಲ್ಲ. ಕೈ ನಿಲ್ಲಬೇಕು, ಅಷ್ಟೇ.

ಹುಡುಗಿ ತನ್ನ ಅಧ್ಯಯನ ಬದಿಗಿಟ್ಟು ಓಡಾಡಿದಳು. ದೊಡ್ಡ ಸರ್ಕಾರಿ ಆಸ್ಪತ್ರೆಯ ಆ ವಿಭಾಗದಲ್ಲಿ ಹೆಂಗಸರಿಗೆ ಹಾಸಿಗೆಗಳು ಕಡಿಮೆ. ಒಂದು ಖಾಲಿಯಾಗಲಿದೆ, ಮಂಗಳವಾರ ಡಾಕ್ಟರಿಗೆ ತೋರಿಸಿ, ಜೊತೆಗಿರಲು ಮನೆಯವರೊಬ್ಬರು ಬರಲೇಬೇಕು ಎಂದಿದ್ದರಂತೆ. ಮನೆಯವರು ಅಂದರೆ ಯಾರು? ಆಯಿಯೇ ಹೊರಟಳು.

ಆ ಮಂಗಳವಾರವೇ ಇದು.

ಮಂಜು ಎಷ್ಟಿತ್ತೆಂದರೆ ಬಸ್ಸು ಯಮುನೆ ದಾಟುವಾಗ ನದಿ ಕಾಣಲೇ ಇಲ್ಲ, ವಾಸನೆಯಷ್ಟೇ ಬಂತು. ನಾನು ಆಸ್ಪತ್ರೆ ಮುಟ್ಟುವಾಗ ಮೂವರೂ ಹೊರರೋಗಿ ವಿಭಾಗದ ಬೆಂಚಿನಲ್ಲಿದ್ದರು. ಆಯಿ ಕಂಬಳಿ ಗಂಟು, ತಂಬಿಗೆ, ಹೊಗೆಸೊಪ್ಪಿನ ಚೀಲ ಎಲ್ಲ ಕಟ್ಟಿಕೊಂಡು ಬಂದಿದ್ದಳು. ಇವಳು ಎಣ್ಣೆ ಹಚ್ಚಿ ಬಾಚಿಕೊಂಡು, ಹಸಿರು ಬಳೆ ತೊಟ್ಟು, ಹಣೆಗೆ ಅಗಲವಾಗಿ ಭಂಡಾರ ಹಚ್ಚಿಕೊಂಡಿದ್ದಳು. ಬೆಳಿಗ್ಗೆ ದೀಪ ಹಚ್ಚಿ ಬಂದೆ, ಬತ್ತಿ ಅಲುಗಾಡಲಿಲ್ಲ ಎಂದು ಹೇಳಿದಳು. ಕೈ ಚಾಚಿ ತೋರಿಸಿದಳು. ನಿಜವಾಗಿಯೂ ಕೈ ನಿಂತಿತ್ತು. ಕಣ್ಣು ಮಾತ್ರ ಭಾರವಾಗಿತ್ತು, ರೆಪ್ಪೆ ಹೊಡೆಯುವುದು ನಿಧಾನವಾಗಿತ್ತು. ಚಳಿಗೆ, ಬೇಗ ಎದ್ದದ್ದಕ್ಕೆ ಎಂದುಕೊಂಡೆ. ನನ್ನ ಕಣ್ಣೂ ಹಾಗೇ ಇದ್ದೀತು.

ಬಹಳ ಹೊತ್ತು ಕಾದೆವು. ಪಕ್ಕದಲ್ಲಿ ಒಬ್ಬ ತಂದೆ ತನ್ನ ಬೆಳೆದ ಮಗನ ಮಣಿಕಟ್ಟನ್ನು ಬಿಡದೆ ಹಿಡಿದು ಕೂತಿದ್ದ. ಮಗ ನಿದ್ದೆಹೋಗಿದ್ದರೂ ಹಿಡಿತ ಸಡಿಲಿಸಿರಲಿಲ್ಲ. ಆಯಿ ಅದನ್ನೇ ನೋಡುತ್ತಾ, ಇಲ್ಲಿ ಗಂಡಸರಿಗೆ ಎಷ್ಟು ಜನ ಬಂದಾರ ನೋಡು ಎಂದು ಇವಳಿಗೆ ಹೇಳಿದಳು. ಇವಳು, ನನಗ ನೀ ಬಂದೀಯಲ್ಲ ಎಂದಳು. ಆಯಿ ಹೊಗೆಸೊಪ್ಪು ತಿಕ್ಕತೊಡಗಿದಳು. ಇಲ್ಲಿ ತಿನ್ನಬಾರದು ಎಂದು ಹುಡುಗಿ ಹಿಂದಿಯಲ್ಲಿ ಮೆಲ್ಲಗೆ ಹೇಳಿದಾಗ, ‘ಇದು ನಶಾ ಅಲ್ಲವ್ವಾ, ಇದು ಹಲ್ಲಿಗೆ’ ಎಂದಳು. ನಾನು ಅನುವಾದ ಮಾಡಲಿಲ್ಲ.

ಒಳಗೆ ಕೂತಿದ್ದವರು ತರುಣ ಡಾಕ್ಟರು. ರಾತ್ರಿಯಿಡೀ ಡ್ಯೂಟಿ ಮಾಡಿದವರ ಮುಖ, ತಣ್ಣಗಾದ ಚಹಾದ ಗ್ಲಾಸಿನ ಮೇಲೆ ಕೆನೆ. ಕೆಟ್ಟವರಲ್ಲ. ಕೂತುಕೊಳ್ಳಿ ಎಂದರು, ಆಯಿಗೂ ಸ್ಟೂಲು ಹಾಕಿಸಿದರು. ಹಿಂದಿ ಬರುವುದಿಲ್ಲವೇ ಎಂದು ಇವಳನ್ನು ಕೇಳಿದರು. ಅವಳು ನನ್ನ ಕಡೆ ತಿರುಗಿ, ‘ಹಿಂದ್ಯಾಗ ಜಗಳ ಮಾಡಾಕ ಬರ್ತೈತ್ರಿ, ಹೇಳ್ಕೊಳಾಕ ಬರೂದಿಲ್ಲ’ ಅಂದಳು. ಅದನ್ನು ಹೇಳಿದಾಗ ಅವರಿಗೂ ಸ್ವಲ್ಪ ನಗು ಬಂತು.

ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ. ಕೇಳುತ್ತಾ ಬರೆದುಕೊಳ್ಳುತ್ತಾ ಹೋದರು. ಕೊನೆಯ ಸಲ ಕುಡಿದದ್ದು ಯಾವಾಗ? ನಿನ್ನೆ ಸಂಜೆ. ಕೈ ಚಾಚಲು ಹೇಳಿದರು. ಬೆರಳುಗಳ ಮೇಲೆ ಒಂದು ಕಾಗದ ಇಟ್ಟು ನೋಡಿದರು. ಕಾಗದ ಅಲುಗಲಿಲ್ಲ. ಅಂಗೈ ಮುಟ್ಟಿದರು, ಬೆವರಿರಲಿಲ್ಲ.

ಒಂದು ದಿನವಾದರೂ ಕುಡಿಯದೆ ಇರಲು ಆಗುತ್ತದೆಯೇ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

ಅವಳು ಈ ಪ್ರಶ್ನೆಗೇ ಕಾದಿದ್ದವಳ ಹಾಗೆ ಸೆರಗು ಸರಿಮಾಡಿಕೊಂಡಳು. ‘ಮಂಗಳಾರ, ಶುಕ್ರಾರ, ಹುಣ್ಣಿವಿ, ಈ ದಿನ ಮುಟ್ಟೂದಿಲ್ರಿ. ಈ ಊರಿಗೆ ಬಂದಾಗಿಂದ ಒಂದ್ ಸರ್ತೀನೂ ತಪ್ಪಿಲ್ಲ. ಬೇಕಾದ್ರ ಆಯೀನ ಕೇಳ್ರಿ.’ ಆಯಿ ಹೌದೆಂದು ತಲೆಯಾಡಿಸಿದಳು. ಅವಳ ಮುಖದಲ್ಲಿ ಬೆಂಚಿನ ಮೇಲೆ ಇಲ್ಲದಿದ್ದ ಒಂದು ಹಿರಿಮೆ ಇತ್ತು.

ನಾನೂ ಸಂತೋಷದಿಂದಲೇ ಅದನ್ನು ಹಿಂದಿಯಲ್ಲಿ ಹೇಳಿದೆ. ಶನಿವಾರ ಒಪ್ಪತ್ತು ಮಾಡುವ ಮನೆಯಲ್ಲಿ ಬೆಳೆದವಳು ನಾನು. ನೇಮ ತಪ್ಪದವಳು ಎಂದರೆ ನಂಬಿಕೆಗೆ ಯೋಗ್ಯಳು, ಹಾಸಿಗೆ ಕೊಟ್ಟರೆ ಹಾಳುಮಾಡುವವಳಲ್ಲ. ಅವಳು ಹೇಳಿದ್ದರ ಅರ್ಥ ನಮಗಿಬ್ಬರಿಗೂ ಅದೇ ಆಗಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. ವಾರಕ್ಕೆ ಎರಡು ದಿನ ತಾನಾಗಿಯೇ ನಿಲ್ಲಿಸುತ್ತಾಳೆ, ನಿಲ್ಲಿಸಿದ ದಿನ ನಡುಕವೂ ಇಲ್ಲ, ಬೆವರೂ ಇಲ್ಲ. ಹಾಗಿದ್ದರೆ ಒಳಗೆ ಸೇರಿಸಿಕೊಳ್ಳುವ ಅಗತ್ಯವಿಲ್ಲ, ಮಾತ್ರೆ ಬರೆದುಕೊಡುತ್ತೇನೆ, ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಿ ಎಂದರು. ಹೊರಗೆ ಇನ್ನೊಬ್ಬ ಹೆಂಗಸು ಇದ್ದಾಳೆ, ಮೊನ್ನೆ ಅವಳಿಗೆ ಫಿಟ್ಸ್ ಬಂದಿದೆ; ಇರುವುದು ಒಂದೇ ಹಾಸಿಗೆ ಅಂದರು. ಇವಳ ಕಡೆ ನೋಡಿ, ಶಾಬಾಶ್ ಎನ್ನುವ ದನಿಯಲ್ಲಿ, ಇವರ ವಿಲ್ ಪವರ್ ಚೆನ್ನಾಗಿದೆ ಎಂದೂ ಹೇಳಿದರು.

ಹುಡುಗಿ ಇಂಗ್ಲಿಷಿನಲ್ಲಿ ಏನೋ ವಾದಿಸಿದಳು. ಅವರು ಸಮಾಧಾನವಾಗಿಯೇ ಉತ್ತರಿಸಿದರು. ಇವಳು ನನ್ನ ಮುಖ ನೋಡುತ್ತಿದ್ದಳು. ಹಾಸಿಗೆ ಇಲ್ಲ ಅನ್ನುತ್ತಿದ್ದಾರೆ ಎಂದು ಹೇಳಿದೆ. ಯಾಕೆ ಎಂದಳು. ನೀವು ನೇಮದ ದಿನ ಕುಡಿಯದೆ ಇರುತ್ತೀರಲ್ಲ, ಅದಕ್ಕೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ‘ಅದು ಛಲೋ ಅಲ್ಲೇನ್ರಿ?’ ಎಂದು ಕೇಳಿದಳು.

ಹುಣ್ಣಿಮೆಗೆ ಬಹಳ ದಿನ ಉಳಿದಿರಲಿಲ್ಲ. ನಾನು ಆ ನಿಂತ ಕೈಯನ್ನೇ ನೋಡುತ್ತಿದ್ದೆ. ಕೋಣೆಯಲ್ಲಿ ನಮಗೆ ನೀರು ಕೊಡುವಾಗ ಲೋಟ ತಂಬಿಗೆಯ ಬಾಯಿಗೆ ಟಕಟಕ ಬಡಿದುಕೊಳ್ಳುತ್ತಿದ್ದದ್ದು ಬುಧವಾರ, ಗುರುವಾರ. ಶುಕ್ರವಾರ ಬಂದರೆ ಬಡಿಯುತ್ತಿರಲಿಲ್ಲ. ಇಷ್ಟು ದಿನ ಅದನ್ನು ಗಮನಿಸಿಯೂ ದೇವಿಯ ಮೇಲಿನ ಭಕ್ತಿ ಎಂದುಕೊಂಡು ಸುಮ್ಮನಿದ್ದೆ. ಈಗ ದನಿ ತಗ್ಗಿಸಿ ಕೇಳಿದೆ: ‘ಕುಡಿಯದ ದಿನ ಕೈ ನಡುಗೋದಿಲ್ಲವಲ್ಲ, ಆ ದಿನ ಏನು ತಗೊಳ್ತೀರಿ?’

ಅವಳು ಆಯಿಯ ಕಡೆ ಅರೆಕ್ಷಣ ನೋಡಿದಳು. ನನಗೆ ಅಷ್ಟು ಸಾಕಾಯಿತು. ಆಯಿ ಬಾಗಿಲ ಹೊರಗಿನ ಗದ್ದಲ ಕೇಳುತ್ತಿದ್ದಳು. ‘ಅದನ್ನ ಹೇಳಬ್ಯಾಡ್ರಿ ಅಕ್ಕಾರ’ ಎಂದು ಇವಳು ತುಟಿಯಲ್ಲೇ ಅಂದಳು.

ಹೇಳಿದರೆ ಹಾಸಿಗೆ ಸಿಗಬಹುದು. ಹೇಳಿದರೆ ಆಯಿ ಕೇಳಿಸಿಕೊಳ್ಳುತ್ತಾಳೆ. ಇಷ್ಟು ವರ್ಷ ದೀಪ ಹಚ್ಚಿದ್ದು ಶುದ್ಧ ಕೈಯಿಂದಲ್ಲ ಎಂದು ಗೊತ್ತಾಗುತ್ತದೆ. ದೀಪ ಉಳಿಸಿಕೊಳ್ಳಲೆಂದೇ ಅಲ್ಲವೇ ಅವಳು ಹಾಸಿಗೆ ಕೇಳಿದ್ದು? ಡಾಕ್ಟರು ಮುಂದಿನ ಹೆಸರು ಕರೆಯಲು ಕಾಂಪೌಂಡರಿಗೆ ಸನ್ನೆ ಮಾಡುತ್ತಿದ್ದರು. ಅವಳ ಗುಟ್ಟು ಅವಳದು, ನನ್ನ ಬಾಯಿಂದ ಹೋಗಬಾರದು ಎಂದು ನಾನು ಕೈ ಕಟ್ಟಿ ಕೂತೆ. ಮೇಜಿನ ಮೇಲಿದ್ದ ನನ್ನ ನೀರಿನ ಬಾಟಲಿ ಖಾಲಿಯಾಗಿತ್ತು. ಅವಳು ಅದನ್ನು ಎತ್ತಿ ಆಯಿಯ ಕೈಗೆ ಕೊಟ್ಟಳು.

‘ಆಯೀ, ನೀರಡಿಕಿ ಆಗೈತಿ. ತುಂಬಿಸ್ಕೊಂಡ್ ಬಾ.’

ಆಯಿ ನಮ್ಮಿಬ್ಬರನ್ನೂ ನೋಡಿ, ಮೊಣಕಾಲು ಹಿಡಿದುಕೊಂಡು ಎದ್ದು ಹೋದಳು.

ಬಾಗಿಲು ಮುಚ್ಚಿದ ಕೂಡಲೇ ಅವಳು ರವಿಕೆಯೊಳಗಿಂದ ಒಂದು ಪುಟ್ಟ ಬಟ್ಟೆಯ ಚೀಲ ತೆಗೆದಳು. ಭಂಡಾರದ ಚೀಲ. ದಾರ ಬಿಚ್ಚಿ ಡಾಕ್ಟರ ಕಾಗದದ ಮೇಲೆ ಅಲುಗಿಸಿದಳು. ಅರಿಶಿನದ ಜೊತೆ ಕತ್ತರಿಸಿದ ಮಾತ್ರೆಯ ಪಟ್ಟಿಗಳು ಬಿದ್ದವು, ಬಿಡಿ ಮಾತ್ರೆಗಳೂ ಬಿದ್ದವು. ಬಿಳಿಯವಾಗಿದ್ದಿರಬೇಕು, ಎಲ್ಲ ಹಳದಿಯಾಗಿದ್ದವು. ನಿದ್ದೆಯ ಮಾತ್ರೆ. ಹೆಂಡ ಮುಟ್ಟದ ದಿನಕ್ಕೆ ಇವು. ಮೊದಲು ಅರ್ಧ ಸಾಕಿತ್ತಂತೆ, ಈಗ ಒಂದು ಹಿಡಿ ತಿಂದರೂ ಒಮ್ಮೊಮ್ಮೆ ಕೈ ನಿಲ್ಲುವುದಿಲ್ಲ. ಹುಣ್ಣಿಮೆಯ ದಿನ ಹಾಗೇ ಆದದ್ದು.

ಡಾಕ್ಟರು ಮಾತ್ರೆಯ ಪಟ್ಟಿ ತಿರುಗಿಸಿ ಓದಿದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಅವಳು ನನಗೆ ಹೇಳಿದಳು: ‘ನಶಾ ಏನ್ ಮಾಡ್ತೀ ಅಂತ ಕೇಳಿದ್ರಿ. ಇದು ಔಷಧ ಅಂಗಡ್ಯಾಗ ಕೊಡ್ತಾರ್ರಿ. ತಾಯಿಗೆ ಹೆಂಡದ ಮೈಲಿಗಿ ಗೊತ್ತು, ಗುಳಿಗಿ ಗೊತ್ತಿಲ್ಲ ಅಂದ್ಕೊಂಡಿದ್ದೆ.’ ನಾನು ಅದನ್ನು ಹಾಗೆಯೇ ಹಿಂದಿಯಲ್ಲಿ ಹೇಳಿದೆ. ಸಂಶೋಧನೆಯ ಹುಡುಗಿ ಮೂಗು ಒರೆಸಿಕೊಳ್ಳುವ ನೆಪದಲ್ಲಿ ಮುಖ ತಗ್ಗಿಸಿದಳು. ಅವಳ ಪ್ರಶ್ನೆಗಳಲ್ಲಿ ಮಾತ್ರೆಯ ಪ್ರಶ್ನೆಯೂ ಇತ್ತು, ‘ನಶೆಗಾಗಿ’ ಎಂಬ ಮಾತಿನೊಂದಿಗೆ. ಎಲ್ಲರೂ ಇಲ್ಲ ಎಂದಿದ್ದರು. ಎಲ್ಲರೂ ನಿಜವನ್ನೇ ಹೇಳಿದ್ದರು.

ಎರಡನ್ನೂ ಮನೆಯಲ್ಲಿ ಬಿಡಿಸಲಾಗುವುದಿಲ್ಲ, ಒಮ್ಮೆಲೇ ನಿಲ್ಲಿಸಿದರೆ ಇವಳಿಗೂ ಫಿಟ್ಸ್ ಬರಬಹುದು ಎಂದು ಡಾಕ್ಟರು ಮತ್ತೆ ಪೆನ್ನು ತೆಗೆದುಕೊಂಡರು. ಯಾರಿಗೋ ಫೋನ್ ಮಾಡಿದರು. ಹೊರಗಿನ ಆ ಇನ್ನೊಬ್ಬಳನ್ನು ಎದುರಿನ ವಾರ್ಡಿಗೆ ಹಾಕಿಸಲು ಆಗುತ್ತದೆಯೇ ಎಂದು ವಿಚಾರಿಸಿದರು. ಆಗುತ್ತದೆ ಎಂದು ಉತ್ತರ ಬಂತು. ಅವರು ಕಾಗದದ ಮೇಲಿನ ಅರಿಶಿನ ಕೊಡವಿ ಬರೆಯತೊಡಗಿದರು. ಅಕ್ಷರಗಳ ನಡುವೆ ಹಳದಿ ಉಳಿಯಿತು.

ಆಯಿ ಬೇಗ ಬಂದುಬಿಟ್ಟಳು. ನಲ್ಲಿ ಬಾಗಿಲ ಪಕ್ಕದಲ್ಲೇ ಇತ್ತಂತೆ. ಬಾಟಲಿ ಹಿಡಿದುಕೊಂಡು ಮೇಜಿನ ಮುಂದೆ ನಿಂತಳು. ಬಾಯಿ ತೆರೆದ ಭಂಡಾರದ ಚೀಲ, ಹಳದಿ ಮಾತ್ರೆ, ಎಲ್ಲ ಅಲ್ಲೇ ಇತ್ತು. ನಾನು ಕೈ ಚಾಚಿ ಮುಚ್ಚಿಡಬಹುದಿತ್ತು. ಇವಳೂ ಚಾಚಬಹುದಿತ್ತು. ಇಬ್ಬರೂ ಚಾಚಲಿಲ್ಲ. ಆಯಿ ಅದನ್ನೆಲ್ಲ ನೋಡಿದಳು. ಬಾಟಲಿಯನ್ನು ಇವಳ ಕೈಗೆ ಕೊಟ್ಟು, ಮೇಜಿನ ಮೇಲೆ ಬಿದ್ದಿದ್ದ ಅರಿಶಿನವನ್ನು ಬೆರಳಿನಿಂದ ಒಟ್ಟುಮಾಡಿ ತನ್ನ ಹಣೆಗೆ ಒರೆಸಿಕೊಂಡಳು, ನೆಲಕ್ಕೆ ಬೀಳಬಾರದೆಂದು.

ದಾಖಲಾತಿಯ ಕಿಟಕಿಯಲ್ಲಿ ರೋಗಿಗೆ ನೀವು ಏನಾಗಬೇಕು ಎಂದು ಕೇಳಿದರು. ‘ಅವ್ವ’ ಅಂದಳು ಆಯಿ. ಹೆಬ್ಬೆಟ್ಟು ಒತ್ತಿದಳು. ವಾರ್ಡಿನ ನರ್ಸು ಇವಳ ಬಳೆ ತೆಗೆಸಿ, ಆಸ್ಪತ್ರೆಯ ಬಟ್ಟೆ ಕೊಟ್ಟು, ಮೂಲೆಯ ಹಾಸಿಗೆ ತೋರಿಸಿದಳು. ಕಿಟಕಿಯ ಒಂದು ಗಾಜು ಒಡೆದು ಅಲ್ಲಿಗೆ ರಟ್ಟು ಹಾಕಿದ್ದರು. ಬಣ್ಣದ ಸೀರೆ ಇಲ್ಲದೆ, ಬಳೆ ಇಲ್ಲದೆ ಅವಳು ನಮ್ಮ ಬೀದಿಯ ಯಾವ ಹೆಂಗಸೂ ಆಗಬಹುದಿತ್ತು. ಮಲಗಿದ ಮೇಲೆ ಅವಳೇ ಕೇಳಿದಳು.

‘ಆಯೀ, ದೀಪ?’

ಆಯಿ ಕಂಬಳಿ ಬಿಚ್ಚುತ್ತಿದ್ದಳು. ‘ಶುಕ್ರಾರಕ್ಕ ಬ್ಯಾರೇದಾಕಿ ಹಚ್ತಾಳ.’

‘ಹುಣ್ಣಿವಿಗೆ?’

‘ಅಕಿನ.’ ಕಂಬಳಿಯನ್ನು ಇವಳ ಪಾದಕ್ಕೆ ಸುತ್ತಿ, ಅಂಚುಗಳನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದಳು. ‘ಇಷ್ಟ್ ದಿನ ನೀ ತಾಯಿ ಮುಂದ ನಿದ್ದಿಗಣ್ಣಾಗ ನಿಂತಿದ್ದಿಯಲ್ಲವ್ವ. ಈಗ ಮಲ್ಕೋ. ನಾ ಇಲ್ಲೇ ಇರ್ತೀನಿ.’

ಇವಳು ಗೋಡೆಯ ಕಡೆ ತಿರುಗಿದಳು. ಕಂಬಳಿಯ ಹೊರಗಿದ್ದ ಕೈ ಆಗಲೇ ನಡುಗಲು ಶುರುವಾಗಿತ್ತು. ಆಯಿ ಸ್ಟೂಲು ಎಳೆದುಕೊಂಡು ಕೂತು, ಹೊರಗೆ ಬೆಂಚಿನ ಮೇಲೆ ಕಂಡ ಆ ತಂದೆಯ ಹಾಗೆ ಅವಳ ಮಣಿಕಟ್ಟು ಹಿಡಿದುಕೊಂಡಳು. ನಾನು ಹೋಗಿಬರುತ್ತೇನೆ ಎಂದೆ. ಇಬ್ಬರಲ್ಲಿ ಯಾರೂ ತಿರುಗಿ ನೋಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು, ಅದೇ ದೊಡ್ಡದೆನಿಸಿತು. ನನ್ನ ಸೆರಗಿನ ಅಂಚಿಗೆ ಅರಿಶಿನ ಹತ್ತಿತ್ತು. ಹಾಸಿಗೆ ಸಿಕ್ಕಿದ್ದಕ್ಕೆ ಸಂತೋಷಪಡಬೇಕೆಂದು ಹಲವು ಸಲ ಅಂದುಕೊಂಡೆ. ಮಂಜು ಸಂಜೆಗೇ ಇಳಿಯತೊಡಗಿತ್ತು. ಹೊಸ ಮೆಟ್ರೋ ಲೈನಿಗೆಂದು ಅಗೆದಲ್ಲೆಲ್ಲ ವಾಹನಗಳು ನಿಂತುಬಿಡುತ್ತಿದ್ದವು. ಪಕ್ಕದವಳು ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು, ನಾನು ಎಬ್ಬಿಸಲಿಲ್ಲ.

ಮನೆಗೆ ಬಂದು ಕುಕ್ಕರ್ ಇಟ್ಟೆ. ಮಗಳು ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಗುಡ್ ಹ್ಯಾಬಿಟ್ಸ್ ಎಂಬ ಪಾಠಕ್ಕೆ ಚಿತ್ರಗಳನ್ನು ಕತ್ತರಿಸಿ ಅಂಟಿಸುತ್ತಿದ್ದಳು. ಮಹಡಿ ನಿಶ್ಶಬ್ದವಾಗಿತ್ತು. ಬಾಗಿಲ ಗಂಟೆ ಸದ್ದು ಮಾಡಿತು. ಎದುರು ಮನೆಯಾಕೆ, ಸ್ಟೀಲ್ ಬಟ್ಟಲಿನಲ್ಲಿ ಹನುಮಾನ್ ಮಂದಿರದ ಬೂಂದಿ ಪ್ರಸಾದ. ಎರಡೂ ಕೈ ಒಡ್ಡಿ ತೆಗೆದುಕೊಂಡೆ. ಬಹಳ ಸುಸ್ತಾದ ಹಾಗೆ ಕಾಣುತ್ತೀರಿ, ಇವತ್ತು ಬೇಗ ಮಲಗಿ ಎಂದರು. ಮಲಗುತ್ತೇನೆ ಎಂದೆ. ಹೋಗಲು ತಿರುಗಿದವರು, ತಮ್ಮ ಬಾಗಿಲ ಚಿಲಕಕ್ಕೆ ಕೈ ಇಟ್ಟುಕೊಂಡೇ ಅಂದರು:

‘ಇವತ್ತು ಮಂಗಳವಾರ ನೋಡಿ ಭಾಭೀಜಿ, ನಮ್ಮನೇಲೂ ಆರಾಮು. ನಮ್ಮವರು ಮಂಗಳವಾರ ಗ್ಲಾಸು ಮುಟ್ಟೋದೇ ಇಲ್ಲ, ಮದುವೆಯಾದಾಗಿಂದ ಒಂದು ಸಲವೂ ತಪ್ಪಿಲ್ಲ. ನಿದ್ದೆ ಮಾತ್ರ ಬರೋದಿಲ್ಲ ಅಂತಾರೆ, ಅದಕ್ಕೆ ಹಾಲಿನ ಜೊತೆ ನನ್ನದೇ ಒಂದು ನಿದ್ದೆ ಮಾತ್ರೆ ಕೊಟ್ಟುಬಿಡ್ತೀನಿ.’